ವಿಳಂಬದ ಬೆಲೆಯನ್ನು ತೆರುವವರಾರು?

(ಇಟ್ಟಿಗಿಯಲ್ಲಿ ಉಪಾಧ್ಯಾಯರ ಹಾಗೂ ನಾಗರಿಕರ ಸಭೆಯಲ್ಲಿ ಮಾಡಿದ ಭಾಷಣ)



ಪ್ರಜಾಸತ್ತೆಯ ರಾಜ್ಯಭಾರದಲ್ಲಿ ನಿರ್ಣಯಗಳು ತಡವಾಗುವದರಿಂದ ಉಂಟಾಗುವ ಹಾನಿಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ತಾವು ನನಗೆ ಅಪ್ಪಣೆ ಕೊಟ್ಟಿರುವಿರಿ. ವಿಷಯವು ದೊಡ್ಡದು, ನನ್ನ ಶಕ್ತಿಯು ಚಿಕ್ಕದು. ಆದರೂ ಈ ವಿಷಯವನ್ನು ಮಾತಾಡುವದಕ್ಕೆ ಹಡಗಲಿ ಸೀಮೆಯು ತಕ್ಕ ಸ್ಥಳವೆಂದು ನನಗೆ ತೋರುವದು. ಕಾಯುವದೆಂದರೇನೆಂಬದನ್ನು ಈ ಸೀಮೆಯವರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಮಳೆಗಾಗಿ ಕಾಯ್ದವರು ನೀವು; ಕಣ್ಣೆದುರಿನ ಹೊಳೆಯ ನೀರಿಗಾಗಿ ಕಾಯ್ದವರು ನೀವು; ನಿಮ್ಮ ಹಿರಿಯರಂತೂ ತಮ್ಮ ನುಡಿಯ ರಾಜ್ಯಕ್ಕಾಗಿ ಒಂದು ತಲೆಮಾರಿಗೂ ಮಿಕ್ಕಿ ಕಾಯ್ದವರು. ಹದ ಮೀರಿದ ಹೊಲದಲ್ಲಿ ಎಷ್ಟು ಒಳ್ಳೆಯ ಬೀಜವನ್ನು ಬಿತ್ತಿದರೂ ಪೈರು ಏಳುವದಿಲ್ಲವೆಂಬದನ್ನೂ, ಮುಂಜಾವಿನಲ್ಲಿ ಬಿಡಿಸಿದ ಹಡಗಲಿಯ ಮಲ್ಲಿಗೆಯು ಸಂಜೆಯ ಒಳಗೆ ಪೇಟೆಗೆ ಮುಟ್ಟದಿದ್ದರೆ ಬೆಲೆ ಬಾಳದೆಂಬದನ್ನೂ ನೀವು ಬಲ್ಲಿರಿ. ಇದನ್ನು ಬಲ್ಲವರ ಮುಂದೆ ನನ್ನ ಕೆಲಸವು ಅರ್ಧ ಮುಗಿದಂತೆಯೇ ಸರಿ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ದೂರಮಾಡಬೇಕಾಗಿದೆ. "ಪ್ರಜಾಸತ್ತೆಯೆಂದರೆ ಬರಿಯ ಮಾತು, ಒಬ್ಬನ ಕೈಯಲ್ಲಿ ಕೋಲು ಇದ್ದರೆ ಕೆಲಸ ಬೇಗನಾಗುವದು" ಎಂದು ಅಂಗಡಿಯ ಕಟ್ಟೆಗಳ ಮೇಲೆ ಕುಳಿತು ಹೇಳುವವರನ್ನು ನಾವು ದಿನಾಲು ಕೇಳುತ್ತೇವೆ. ಇದು ನಿಜವೇ? ಇತಿಹಾಸವನ್ನು ಕೇಳಿ ನೋಡೋಣ.

ತುಂಗಭದ್ರೆಗೆ ಕಟ್ಟೆ ಕಟ್ಟಬೇಕೆಂಬ ವಿಚಾರವನ್ನು ಸರ್ ಆರ್ಥರ್ ಕಾಟನ್ ಎಂಬ ಆಂಗ್ಲ ಇಂಜಿನಿಯರರು 1860ರ ಸುಮಾರಿಗೆ ಮುಂದಿಟ್ಟರು. ಆಗ ಇಲ್ಲಿ ಪ್ರಜಾಸತ್ತೆ ಇರಲಿಲ್ಲ, ಚುನಾವಣೆ ಇರಲಿಲ್ಲ, ಶಾಸನಸಭೆಯಲ್ಲಿ ಎದ್ದು ನಿಂತು ತಡೆಯುವವರು ಯಾರೂ ಇರಲಿಲ್ಲ. ಮದರಾಸಿನಲ್ಲಿ ಗವರ್ನರರು, ಹೈದರಾಬಾದಿನಲ್ಲಿ ನಿಜಾಮರು. ಇಬ್ಬರೂ ತಮ್ಮ ಪ್ರಜೆಗಳಿಗೆ ಉತ್ತರ ಹೇಳಬೇಕಾದವರಲ್ಲ. ಹೀಗಿದ್ದೂ ಆ ಕಟ್ಟೆಯ ಅಡಿಗಲ್ಲು ಬಿದ್ದದ್ದು 1945ರ ಫೆಬ್ರವರಿ 28ರಂದು. ನಡುವೆ 85 ವರ್ಷಗಳು ಉರುಳಿದವು. ಆ 85 ವರ್ಷಗಳ ಒಳಗೆಯೇ ಧಾತು ಈಶ್ವರ ಸಂವತ್ಸರಗಳ ಬರವು, ಅಂದರೆ 1876ರಿಂದ 1878ರ ವರೆಗಿನ ಆ ಮಹಾಕ್ಷಾಮವು, ಬಳ್ಳಾರಿ ಜಿಲ್ಲೆಯನ್ನು ಹಿಂಡಿ ಹೋಯಿತು. ಕಟ್ಟೆಯೊಂದಿದ್ದರೆ ಬರವೇ ಬರುತ್ತಿರಲಿಲ್ಲವೆಂದು ನಾನು ಹೇಳಲಾರೆ. ಆದರೆ ಹೊಳೆಯ ದಂಡೆಯ ಜನ ಹಸಿದು ಬಿದ್ದಾಗ ಹೊಳೆಯ ನಕಾಶೆ ದಫ್ತರದಲ್ಲಿ ಮಲಗಿತ್ತೆಂಬದು ಮಾತ್ರ ಸುಳ್ಳಲ್ಲ. ಎರಡು ಸರಕಾರಗಳಿಗೆ ನೀರಿನ ಪಾಲಿನ ವಿಷಯದಲ್ಲಿ ಒಪ್ಪಂದವಾದದ್ದು 1944ರಲ್ಲಿ; ಕಟ್ಟೆ ಮುಗಿದು ನೀರು ಹರಿದದ್ದು 1953ರಲ್ಲಿ. ಆದುದರಿಂದ ವಿಳಂಬವು ಪ್ರಜಾಸತ್ತೆಯ ಹೊಟ್ಟೆಯಲ್ಲಿ ಹುಟ್ಟಿದ ಕೂಸಲ್ಲ. ಯಾರಿಗೂ ಉತ್ತರ ಹೇಳಬೇಕಾಗಿಲ್ಲದವನು ಬೇಗನೆ ಕೆಲಸ ಮಾಡುವನೆಂಬ ನಂಬುಗೆಯು ಶುದ್ಧ ಭ್ರಾಂತಿ.

ಹಾಗಾದರೆ ಪ್ರಜಾಸತ್ತೆಯ ಮೇಲೆ ದೋಷವೇ ಇಲ್ಲವೇ? ಇದೆ. ಅದನ್ನು ಮುಚ್ಚಿಡಲು ನಾನು ಬಂದಿಲ್ಲ. ಉತ್ತರ ಹೇಳಬೇಕಾದ ಸರಕಾರವು ಉತ್ತರವನ್ನೇ ಕೊಡದೆ ಕಾಲ ನೂಕಿದರೆ ಅದರ ಅಪರಾಧವು ಇಮ್ಮಡಿಯಾಗುವದು. ಇದಕ್ಕೆ ನಮ್ಮ ಏಕೀಕರಣದ ಕಥೆಯೇ ಸಾಕ್ಷಿ.

ಈಗಿನ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗುತ್ತದೆ. ಇಲ್ಲಿಯ ಹೊಳೆಯ ಈಚೆಯ ದಡ ಮದರಾಸು ಇಲಾಖೆ. ಆಚೆಯ ದಡ ಮುಂಬಯಿ ಇಲಾಖೆ. ಕೊಂಚ ಕೆಳಗೆ ಹೋದರೆ ಕೊಪ್ಪಳದ ಕಡೆಗೆ ನಿಜಾಮರ ಸೀಮೆ. ದಕ್ಷಿಣಕ್ಕೆ ಹರಿಹರದ ಕಡೆಗೆ ಮೈಸೂರು. ಬೀಗರ ಮನೆಗೆ ಹೋಗಬೇಕಾದರೆ ರಾಜ್ಯ ದಾಟಬೇಕು. 1920ರ ನಾಗಪುರದ ಕಾಂಗ್ರೆಸ್ಸು ಭಾಷಾವಾರು ಪ್ರಾಂತಗಳ ತತ್ವವನ್ನು ಒಪ್ಪಿ ಕರ್ನಾಟಕಕ್ಕೆ ತನ್ನದೇ ಪ್ರಾಂತಿಕ ಸಮಿತಿಯನ್ನು ಕೊಟ್ಟಿತು. 1924ರಲ್ಲಿ ಮಹಾತ್ಮರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ಸು ಕೂಡಿದಾಗ ಅಲ್ಲಿಯೇ ಏಕೀಕರಣದ ಪರಿಷತ್ತೂ ಕೂಡಿತು. 1928ರ ನೆಹರೂ ವರದಿಯು ಕರ್ನಾಟಕದ ಬೇಡಿಕೆಯನ್ನು ಸಮರ್ಥಿಸಿತು. ಅಲ್ಲಿಯ ವರೆಗೆ ಅಧಿಕಾರವು ಪರರ ಕೈಯಲ್ಲಿತ್ತೆಂದು ಸಮಾಧಾನ ಹೇಳಿಕೊಳ್ಳಬಹುದು. ಆದರೆ 1947ರ ಮೇಲೆ? 1948ರಲ್ಲಿ ಧರ್ ಆಯೋಗ ಬಂದಿತು. ಭಾಷಾವಾರು ಪ್ರಾಂತಗಳು ಈಗ ಬೇಡವೆಂದಿತು. 1949ರ ಏಪ್ರಿಲಿನಲ್ಲಿ ಜವಾಹರಲಾಲ, ವಲ್ಲಭಭಾಯಿ, ಪಟ್ಟಾಭಿ ಈ ಮೂವರ ಸಮಿತಿಯ ವರದಿ ಬಂದಿತು; ಅದೂ ಸದ್ಯಕ್ಕೆ ತಡೆಯಿರೆಂದಿತು. ದೇಶವು ಆಗತಾನೆ ಒಡೆದಿತ್ತು, ನಿರಾಶ್ರಿತರ ಕಷ್ಟವಿತ್ತು, ಸಂಸ್ಥಾನಗಳ ವಿಲೀನದ ಭಾರವಿತ್ತು. ಆ ಮಹನೀಯರ ಆತಂಕವು ಸುಳ್ಳಾಗಿರಲಿಲ್ಲವೆಂಬದನ್ನು ನಾವು ಒಪ್ಪಲೇಬೇಕು. ಆದರೆ "ಸದ್ಯಕ್ಕೆ ಬೇಡ" ಎಂದವರು "ಎಂದಿಗೆ" ಎಂದು ಹೇಳಲಿಲ್ಲ. ಬಾಗಿಲನ್ನು ತೆರೆಯಲೂ ಇಲ್ಲ, ಮುಚ್ಚಲೂ ಇಲ್ಲ.

ಮುಂದೆ ನಡೆದದ್ದನ್ನು ಗಮನಿಸಿರಿ. 1952ರ ಅಕ್ಟೋಬರ್ 19ರಂದು ಮದರಾಸಿನಲ್ಲಿ ಪೊಟ್ಟಿ ಶ್ರೀರಾಮುಲು ಅವರು ಆಂಧ್ರ ರಾಜ್ಯಕ್ಕಾಗಿ ಉಪವಾಸಕ್ಕೆ ಕುಳಿತರು. ಡಿಸೆಂಬರ್ 15ರ ರಾತ್ರಿ ಪ್ರಾಣ ಬಿಟ್ಟರು. ಊರೂರುಗಳಲ್ಲಿ ಗಲಭೆಗಳಾದವು, ಗುಂಡು ಹಾರಿದವು, ಜನ ಸತ್ತರು. ಡಿಸೆಂಬರ್ 19ರಂದು ಆಂಧ್ರ ರಾಜ್ಯವನ್ನು ರಚಿಸುವದಾಗಿ ಪ್ರಧಾನ ಮಂತ್ರಿಗಳು ಸಾರಿದರು. ಮಹನೀಯರೇ, ಈ ಲೆಕ್ಕವನ್ನು ಮನಸ್ಸಿನಲ್ಲಿಡಿರಿ: ಮನವಿಗೆ 32 ವರ್ಷ, ಮರಣಕ್ಕೆ 4 ದಿನ!

ವಿಳಂಬದಿಂದ ಹಣ ಹೋಗುವದು, ದುಡಿಮೆ ಹೋಗುವದು, ಅವಕಾಶ ಹೋಗುವದು, ಇವೆಲ್ಲವೂ ನಿಜ. ಆದರೆ ಇವೆಲ್ಲಕ್ಕಿಂತ ದೊಡ್ಡ ಹಾನಿ ಇನ್ನೊಂದಿದೆ. ಅದನ್ನು ಹೇಳಲೆಂದೇ ನಾನು ಈ ದಿನ ಇಲ್ಲಿ ನಿಂತಿದ್ದೇನೆ. ಸರಕಾರವು ಶಾಂತವಾದ ಮಾತಿಗೆ ದಶಕಗಟ್ಟಲೆ ಕಿವುಡಾಗಿದ್ದು, ಬೆಂಕಿ ಬಿದ್ದೊಡನೆ ನಾಲ್ಕು ದಿನಗಳಲ್ಲಿ ಕಿವಿ ತೆರೆಯುವದಾದರೆ, ಅದು ಪ್ರಜೆಗಳಿಗೆ ಒಂದು ಪಾಠವನ್ನು ಕಲಿಸುತ್ತದೆ. ಮನವಿ ಬರೆಯುವವನು ಮೂರ್ಖ, ಕಲ್ಲು ಎತ್ತುವವನು ಜಾಣ ಎಂಬದೇ ಆ ಪಾಠ. "ಅಳುವ ಕೂಸಿಗೆ ಹಾಲು" ಎಂಬ ಗಾದೆಯು ತಾಯಿಗೆ ಒಪ್ಪುವದು, ರಾಜ್ಯಕ್ಕೆ ಒಪ್ಪುವದಿಲ್ಲ. ಅಳಲಾರದಷ್ಟು ಸೋತ ಕೂಸಿಗೇ ಮೊದಲು ಹಾಲು ಕೊಡುವದು ರಾಜ್ಯದ ಧರ್ಮ. ಈ ಧರ್ಮ ತಪ್ಪಿದಲ್ಲಿ ಪ್ರಜಾಸತ್ತೆಯ ಬೇರಿಗೇ ಗೆದ್ದಲು ಹತ್ತುವದು. ಯಾಕೆಂದರೆ ಮಾತಿನಿಂದ ನ್ಯಾಯ ದೊರೆಯುವದೆಂಬ ನಂಬುಗೆಯೇ ಪ್ರಜಾಸತ್ತೆಯ ಬೇರು.

ಆಂಧ್ರವು ಆಗುವದೆಂದೊಡನೆ ಬಳ್ಳಾರಿಯ ಗತಿಯೇನೆಂಬ ಪ್ರಶ್ನೆ ಎದ್ದಿತು. 1953ರ ಮಾರ್ಚಿನಲ್ಲಿ ಭಾರತ ಸರಕಾರವು ಜಿಲ್ಲೆಯ ಹತ್ತು ತಾಲೂಕುಗಳಲ್ಲಿ ಆದವಾನಿ, ಆಲೂರು, ರಾಯದುರ್ಗಗಳನ್ನು ಆಂಧ್ರಕ್ಕೂ, ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ, ಹೊಸಪೇಟೆ, ಸಂಡೂರು, ಸಿರುಗುಪ್ಪಗಳನ್ನು ಮೈಸೂರಿಗೂ ಸೇರಿಸುವದಾಗಿ ಹೇಳಿತು. ಉಳಿದದ್ದು ಬಳ್ಳಾರಿ ತಾಲೂಕು ಒಂದೇ. ಅದರ ವಿಚಾರಣೆಗಾಗಿ ಏಪ್ರಿಲಿನಲ್ಲಿ ನ್ಯಾಯಮೂರ್ತಿ ಎಲ್. ಎಸ್. ಮಿಶ್ರರನ್ನು ನೇಮಿಸಿತು. ಅವರು ಬಳ್ಳಾರಿಗೆ ಬಂದರು, ಉಭಯ ಪಕ್ಷದವರನ್ನೂ ಕೇಳಿದರು, ಮೇ ತಿಂಗಳಿನಲ್ಲಿ ವರದಿ ಕೊಟ್ಟರು: ಬಳ್ಳಾರಿ ಮೈಸೂರಿಗೆ. ಅಕ್ಟೋಬರ್ 1ರಂದು ಏಳೂ ತಾಲೂಕುಗಳು ಮೈಸೂರು ರಾಜ್ಯವನ್ನು ಕೂಡಿದವು. ಆ ಹಬ್ಬಕ್ಕಾಗಿ ಹಾಕಿದ ಚಪ್ಪರವನ್ನು ಕಾಯುತ್ತಿದ್ದ ಬಳ್ಳಾರಿಯ ರಂಜಾನ್ ಸಾಬರು ವಿರೋಧಿಗಳ ಆಕ್ರಮಣಕ್ಕೆ ಗುರಿಯಾಗಿ ಪ್ರಾಣ ಕೊಟ್ಟರು. ಮೊದಲೇ ಮಾತುಕತೆಯಿಂದ ಮುಗಿಯಬಹುದಾಗಿದ್ದ ಗಡಿಯ ಪ್ರಶ್ನೆಯನ್ನು ದ್ವೇಷ ಬಲಿಯುವ ವರೆಗೆ ಬಿಟ್ಟದ್ದರ ಬೆಲೆಯನ್ನು ತೆತ್ತವರು ಚಪ್ಪರ ಕಾಯುವ ಒಬ್ಬ ಸಾಮಾನ್ಯ ಕನ್ನಡಿಗರು, ದಿಲ್ಲಿಯ ಯಾವ ದೊಡ್ಡವರೂ ಅಲ್ಲ.

ಆದರೆ ಮಿಶ್ರರ ಕೆಲಸವು ನಮಗೆ ಇನ್ನೊಂದು ಸಂಗತಿಯನ್ನೂ ತೋರಿಸಿಕೊಡುತ್ತದೆ. ಪ್ರಶ್ನೆ ಸ್ಪಷ್ಟವಾಗಿದ್ದು, ವಿಚಾರಿಸುವವನು ಗೊತ್ತಾಗಿದ್ದು, ಮುಗಿಯಬೇಕಾದ ದಿನವೂ ಎದುರಿಗಿದ್ದರೆ, ಎಲ್ಲರ ಮಾತನ್ನು ಕೇಳಿಯೂ ಕೆಲವೇ ವಾರಗಳಲ್ಲಿ ನಿರ್ಣಯ ಕೊಡಬಹುದು. ಅದೇ ವರುಷದ ಡಿಸೆಂಬರಿನಲ್ಲಿ ನೇಮಕವಾದ ರಾಜ್ಯ ಪುನರ್ರಚನಾ ಆಯೋಗವನ್ನು ನೋಡಿರಿ. ಫಜಲ್ ಅಲಿ, ಕುಂಜ್ರು, ಪಣಿಕ್ಕರ್ ಈ ಮೂವರು 1,52,250 ಲಿಖಿತ ಮನವಿ ಪತ್ರಗಳನ್ನು ಸ್ವೀಕರಿಸಿದರು. 104 ಸ್ಥಳಗಳಿಗೆ ಹೋದರು. 9,000ಕ್ಕೂ ಹೆಚ್ಚು ಜನರನ್ನು ಕಂಡು ಮಾತಾಡಿದರು. 1955ರ ಸೆಪ್ಟೆಂಬರ್ 30ರಂದು, ಅಂದರೆ 21 ತಿಂಗಳಲ್ಲಿ, ವರದಿ ಕೈಸೇರಿತು. ಬಳ್ಳಾರಿ, ಹೊಸಪೇಟೆ, ಸಿರುಗುಪ್ಪಗಳನ್ನು ಮರಳಿ ಆಂಧ್ರಕ್ಕೆ ಕೊಡಬೇಕೆಂದು ಅದು ಹೇಳಿದ್ದರಿಂದ, ಇತ್ಯರ್ಥವಾಗಿದ್ದ ಸಂಗತಿಯು ಮತ್ತೆ ಕೆದಕಿದಂತಾಗಿ ನಮ್ಮವರಿಗೆ ಬಹಳ ಸಂಕಟವಾಯಿತು. ಸರಕಾರವು ಆ ಭಾಗವನ್ನು ಒಪ್ಪಲಿಲ್ಲ. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು. ಇಡೀ ಭಾರತದ ಗಡಿಗಳನ್ನು ಹೊಸದಾಗಿ ಬರೆಯುವ ಕೆಲಸವು ಆರಂಭದಿಂದ ಅಂತ್ಯದ ವರೆಗೆ ಮೂರು ವರ್ಷವನ್ನೂ ತುಂಬಲಿಲ್ಲ! ಅದಕ್ಕೆ ಮುಂಚಿನ ಮೂವತ್ತು ವರ್ಷಗಳು ವಿಚಾರಕ್ಕಾಗಿ ಹೋದವುಗಳಲ್ಲ, ವಿಚಾರವನ್ನು ಮುಂದೂಡುವದಕ್ಕಾಗಿ ಹೋದವುಗಳು ಎಂಬದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕೆ?

ಹೀಗೆ ವಿಚಾರ ಬೇರೆ, ವಿಳಂಬ ಬೇರೆ. ಎಲ್ಲರ ಮಾತನ್ನು ಕೇಳುವದಕ್ಕೆ ಹಿಡಿಯುವ ಕಾಲವು ಪ್ರಜಾಸತ್ತೆಯ ಭೂಷಣ. ಎಲ್ಲ ಮಾತನ್ನೂ ಕೇಳಿಯಾದ ಮೇಲೆ ಸಹಿ ಹಾಕಲು ಅಂಜುವ ಕಾಲವು ಪ್ರಜಾಸತ್ತೆಯ ರೋಗ.

ಕೇಳದೆಯೇ ಅವಸರ ಮಾಡುವದು ಇನ್ನೂ ಕೆಟ್ಟ ರೋಗವೆಂಬದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಆಯೋಗದ ಆ 21 ತಿಂಗಳಿನಂತೆಯೇ ನಮ್ಮ ದೇಶವು ಇನ್ನೊಂದು 21 ತಿಂಗಳನ್ನು ಕಂಡಿದೆ. 1975ರ ಜೂನಿನಿಂದ 1977ರ ಮಾರ್ಚಿನ ವರೆಗಿನ ತುರ್ತು ಪರಿಸ್ಥಿತಿಯ ಕಾಲವದು. ಆಗ ನಿರ್ಣಯಗಳು ಬಹು ಬೇಗ ಆದವು. ಕೇಳುವವರೆಲ್ಲರೂ ಸೆರೆಮನೆಯಲ್ಲಿದ್ದರು, ಪತ್ರಿಕೆಗಳ ಬಾಯಿ ಮುಚ್ಚಿತ್ತು. ಹಾಗೆ ಬೇಗ ಆದವುಗಳಲ್ಲಿ ಹಲವನ್ನು ಮುಂದಿನ ಪಾರ್ಲಿಮೆಂಟು ಕುಳಿತು ಬಿಚ್ಚಬೇಕಾಯಿತು. ಒಂದು 21 ತಿಂಗಳಲ್ಲಿ ಸಾವಿರಾರು ಜನರ ಮಾತು ಕೇಳಿ ಕಟ್ಟಿದ್ದು ಇಂದಿಗೂ ನಿಂತಿದೆ. ಇನ್ನೊಂದು 21 ತಿಂಗಳಲ್ಲಿ ಯಾರ ಮಾತನ್ನೂ ಕೇಳದೆ ಕಟ್ಟಿದ್ದು ಬಹುಬೇಗ ಕುಸಿಯಿತು. ಆದುದರಿಂದ ವಿಳಂಬಕ್ಕೆ ಮದ್ದು ಅವಸರವಲ್ಲ, ಗಡುವು.

ಏಕೀಕರಣವಾದ ಮೇಲಾದರೂ ಈ ರೋಗ ವಾಸಿಯಾಯಿತೇ? ನಮ್ಮ ನೆರೆಯ ಹರಪನಹಳ್ಳಿಯನ್ನು ಕೇಳಿರಿ. ನಿಜಾಮರ ಆಳಿಕೆಯಿಂದ ಹಿಂದೆ ಬಿದ್ದ ತೆಲಂಗಾಣದವರಿಗೆ ಓದು ಮತ್ತು ನೌಕರಿಗಳಲ್ಲಿ ನ್ಯಾಯ ಕೊಡುವ 371ಡಿ ವಿಧಿಯು ಆಂಧ್ರಪ್ರದೇಶಕ್ಕಾಗಿ ಸಂವಿಧಾನದಲ್ಲಿ ಸೇರಿದ್ದು 1973ರ ತಿದ್ದುಪಡಿಯಿಂದ. ಅದೇ ನಿಜಾಮರ ಆಳಿಕೆಯನ್ನು ಉಂಡ ಬೀದರ, ಕಲಬುರಗಿ, ರಾಯಚೂರು ಸೀಮೆಗಳಿಗೆ 371ಜೆ ವಿಧಿಯು ದೊರೆತದ್ದು 2012ರ ತಿದ್ದುಪಡಿಯಿಂದ. ಒಂದೇ ಗಾಯಕ್ಕೆ ಒಬ್ಬನಿಗೆ ಮೊದಲು ಮದ್ದು, ಇನ್ನೊಬ್ಬನಿಗೆ 39 ವರ್ಷಗಳ ಮೇಲೆ! ಬಳ್ಳಾರಿ ಜಿಲ್ಲೆಯೂ ಅದರಲ್ಲಿ ಸೇರಿತು. ಆದರೆ ಹರಪನಹಳ್ಳಿಯನ್ನು 1997ರಲ್ಲಿಯೇ ದಾವಣಗೆರೆ ಜಿಲ್ಲೆಗೆ ಸೇರಿಸಿದ್ದರಿಂದ ಅದು ಹೊರಗುಳಿಯಿತು. ಅದೇ ಮಣ್ಣು, ಅದೇ ಮಳೆ, ಅದೇ ಬಡತನ. ಕಾಗದದ ಮೇಲಿನ ಜಿಲ್ಲೆಯ ಹೆಸರು ಮಾತ್ರ ಬೇರೆ. ಅದನ್ನು ಸರಿಪಡಿಸಿ ಹರಪನಹಳ್ಳಿಯನ್ನು ಮರಳಿ ಬಳ್ಳಾರಿಗೆ ಸೇರಿಸುವ ನಿರ್ಣಯವಾದದ್ದು 2018ರಲ್ಲಿ. 2021ರಲ್ಲಿ ಅದು ನಮ್ಮೆಲ್ಲರೊಂದಿಗೆ ವಿಜಯನಗರ ಜಿಲ್ಲೆಯನ್ನು ಸೇರಿತು. ಸಂತೋಷ. ಆದರೆ ಆ ಐದು ವರುಷಗಳಲ್ಲಿ ಕಾಲೇಜಿನ ಬಾಗಿಲಿಗೆ ಬಂದು ನಿಂತ ಮಕ್ಕಳ ವಯಸ್ಸನ್ನು ಯಾವ ಸರಕಾರಿ ಆಜ್ಞೆ ಹಿಂದಕ್ಕೆ ತರಬಲ್ಲದು? ಇಲ್ಲಿ ಕುಳಿತ ಉಪಾಧ್ಯಾಯರು ಬಲ್ಲರು: ಹದಿನೆಂಟನೆಯ ವಯಸ್ಸು ಒಬ್ಬ ಹುಡುಗನಿಗೆ ಒಂದೇ ಸಲ ಬರುತ್ತದೆ.

ರೈಲಿನ ಮಾತನ್ನು ಕೇಳಿರಿ. ಹೊಸಪೇಟೆಯಿಂದ ಕೊಟ್ಟೂರಿಗೆ ಆಂಗ್ಲರ ಕಾಲದಲ್ಲಿಯೇ ಹಳಿ ಬಂದಿತು. ಅಲ್ಲಿಂದ ಹರಪನಹಳ್ಳಿಯ ಮೇಲೆ ಹಾಯ್ದು ಹರಿಹರವನ್ನು ಮುಟ್ಟಲು ಉಳಿದಿದ್ದದ್ದು ಸುಮಾರು 65 ಕಿಲೋಮೀಟರು. ಅದಕ್ಕೆ ಮಂಜೂರಾತಿ ದೊರೆತದ್ದು 1990ರ ದಶಕದಲ್ಲಿ. ಪ್ರಯಾಣಿಕರ ಬಂಡಿ ಓಡಿದ್ದು 2019ರಲ್ಲಿ. ಆ ನಡುವಿನ ವರ್ಷಗಳಲ್ಲಿ ಬಾಡಿಗೆಗೆಂದು ರೈತನು ಹೆಚ್ಚಾಗಿ ಕೊಟ್ಟ ಹಣವನ್ನು ಯಾವ ಆಯವ್ಯಯ ಪತ್ರವೂ ತೋರಿಸುವದಿಲ್ಲ. ತುಂಗಭದ್ರೆಯ ಕಟ್ಟೆಯಲ್ಲಿ ಮೊದಲು ಸುಮಾರು 133 ಟಿಎಂಸಿ ನೀರು ನಿಲ್ಲುತ್ತಿತ್ತು. ಹೂಳು ತುಂಬಿದ್ದರಿಂದ ಅದು ಸುಮಾರು 105ಕ್ಕೆ ಇಳಿದಿದೆ. ಕಳೆದುಹೋದ ನೀರಿಗೆ ಪರ್ಯಾಯವಾಗಿ ನವಲಿಯಲ್ಲಿ ಇನ್ನೊಂದು ಜಲಾಶಯ ಕಟ್ಟುವ ಮಾತು ವರುಷಗಟ್ಟಲೆ ಮೂರು ರಾಜ್ಯಗಳ ನಡುವೆ ತಿರುಗಾಡಿದೆ. ಸಭೆಗಳು ಮುಂದೆ ಹೋಗಬಹುದು. ಹೂಳು ಮಾತ್ರ ಒಂದು ದಿನವೂ ರಜೆ ಹಿಡಿಯುವದಿಲ್ಲ.

ಕಾಸರಗೋಡಿನ ನಮ್ಮ ಬಂಧುಗಳ ನೋವಂತೂ ಹೇಳತೀರದು. 1966ರಲ್ಲಿ ನೇಮಕವಾದ ಮಹಾಜನ ಆಯೋಗವು 1967ರಲ್ಲಿ ವರದಿ ಕೊಟ್ಟಿತು. ಅದಕ್ಕೆ ಹೌದೆಂಬ ಉತ್ತರವೂ ಇಲ್ಲ, ಅಲ್ಲವೆಂಬ ಉತ್ತರವೂ ಇಲ್ಲ. ಅರ್ಧ ಶತಮಾನ ಮೀರಿ ಹೋಗಿದೆ. "ಅಲ್ಲ" ಎಂದಿದ್ದರೆ ಕನ್ನಡದ ಮಕ್ಕಳ ಓದಿಗೆ ಆ ರಾಜ್ಯದಲ್ಲಿಯೇ ಭದ್ರವಾದ ಏರ್ಪಾಡನ್ನು ಕೇಳಿ ಪಡೆಯಬಹುದಾಗಿತ್ತು. ಉತ್ತರವೇ ಇಲ್ಲದಾಗ ಆಸೆಯನ್ನು ಬಿಡಲೂ ಆಗುವದಿಲ್ಲ, ಬದುಕನ್ನು ಕಟ್ಟಲೂ ಆಗುವದಿಲ್ಲ.

ಹಾಗಾದರೆ ಮಾಡತಕ್ಕದ್ದೇನು? ಇದಕ್ಕೆ ದಾರಿಯನ್ನು ನಮ್ಮ ರಾಜ್ಯವೇ ಒಮ್ಮೆ ತೋರಿಸಿದೆ. 2011ರ ನಾಗರಿಕ ಸೇವೆಗಳ ಖಾತರಿ ಕಾಯಿದೆಯು, ಜನರು ಸಕಾಲವೆಂದು ಕರೆಯುವ ಆ ಏರ್ಪಾಡು, ಜಾತಿಯ ಪತ್ರ, ಆದಾಯದ ಪತ್ರ, ಪಹಣಿಗಳಂಥ ಕೆಲಸಗಳಿಗೆ ಇಂತಿಷ್ಟೇ ದಿನವೆಂದು ಗೊತ್ತುಮಾಡಿತು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದಂತೆ, ಅರ್ಜಿದಾರನಿಗೆ ಪರಿಹಾರವೆಂದಿತು. ಮೊತ್ತವು ಅಲ್ಪ, ತತ್ವವು ಅಲ್ಪವಲ್ಲ. ತಡಕ್ಕೂ ಒಂದು ಬೆಲೆ ಉಂಟು, ಅದನ್ನು ತಡಮಾಡಿದವನೇ ತೆರಬೇಕು ಎಂಬ ಮಾತನ್ನು ಶಾಸನದಲ್ಲಿ ಬರೆದದ್ದು ಸಣ್ಣ ಸಂಗತಿಯಲ್ಲ. ಆದರೆ ನೋಡಿರಿ: ನಾಡಕಚೇರಿಯ ಗುಮಾಸ್ತನ ಹತ್ತು ದಿನದ ತಡಕ್ಕೆ ದಂಡವುಂಟು, ಸಮಿತಿ, ಆಯೋಗ, ಮಂತ್ರಿಮಂಡಲಗಳ ಹತ್ತು ವರುಷದ ತಡಕ್ಕೆ ಏನೂ ಇಲ್ಲ! ಚಿಕ್ಕವನ ಚಿಕ್ಕ ವಿಳಂಬಕ್ಕೆ ಹಾಕಿದ ಅಳತೆಗೋಲನ್ನು ದೊಡ್ಡವರ ದೊಡ್ಡ ವಿಳಂಬಕ್ಕೂ ಹಾಕಬೇಕೆಂಬದೇ ನನ್ನ ಬೇಡಿಕೆ.

ಅದನ್ನು ಮೂರು ಮಾತಿನಲ್ಲಿ ಹೇಳುತ್ತೇನೆ. ಮೊದಲನೆಯದು: ಸಮಿತಿಯನ್ನು ನೇಮಿಸುವ ಆಜ್ಞೆಯಲ್ಲಿಯೇ ವರದಿಯ ತಾರೀಖನ್ನೂ, ವರದಿಗೆ ಸರಕಾರವು ಉತ್ತರ ಕೊಡುವ ತಾರೀಖನ್ನೂ ಬರೆದಿರಬೇಕು. ಎರಡನೆಯದು: ಉತ್ತರವು ಹೌದು ಇಲ್ಲವೆ ಅಲ್ಲ ಎಂದಿರಬೇಕು, ಅಲ್ಲವಾದರೆ ಕಾರಣವನ್ನು ಬರೆಯಬೇಕು. ಕಾರಣವುಳ್ಳ ನಿರಾಕರಣೆಯನ್ನು ಪ್ರಜೆಯು ಸಹಿಸಬಲ್ಲನು; ಮೌನವನ್ನು ಸಹಿಸಲಾರನು. ಮೂರನೆಯದು: ಕೆಲಸವನ್ನು ಒಂದು ವರುಷ ಮುಂದೂಡಿದರೆ ಅದರಿಂದ ಯಾರಿಗೆ ಎಷ್ಟು ನಷ್ಟವೆಂಬದನ್ನು ಆಯವ್ಯಯದ ಜೊತೆಗೆ ಶಾಸನಸಭೆಯ ಮುಂದಿಡಬೇಕು. ಕಟ್ಟಿದ್ದಕ್ಕೆ ತಗಲಿದ ಖರ್ಚನ್ನು ಲೆಕ್ಕ ಹಾಕುವ ನಾವು, ಕಟ್ಟದೆ ಬಿಟ್ಟದ್ದರ ಖರ್ಚನ್ನು ಲೆಕ್ಕ ಹಾಕುವದನ್ನು ಇನ್ನೂ ಕಲಿತಿಲ್ಲ.

ಸರಕಾರಕ್ಕೆ ಹೇಳಿದ್ದಾಯಿತು, ಇನ್ನು ನಮಗೆ ನಾವೇ ಹೇಳಿಕೊಳ್ಳುವ ಮಾತು. ಮಂತ್ರಿಗಳು ಬಂದಾಗ ಹಾರ ಹಾಕಿ "ಆಗಲಿ, ನೋಡೋಣ" ಎಂಬ ಮಾತನ್ನು ಪ್ರಸಾದದಂತೆ ಕೈಯೊಡ್ಡಿ ತೆಗೆದುಕೊಳ್ಳುವವರು ನಾವೇ ಅಲ್ಲವೇ? "ಯಾವ ತಾರೀಖಿಗೆ?" ಎಂದು ಕೇಳಲು ನಾವು ಏಕೆ ನಾಚುತ್ತೇವೆ? 2005ರ ಮಾಹಿತಿ ಹಕ್ಕಿನ ಕಾಯಿದೆಯು 30 ದಿನಗಳಲ್ಲಿ ಉತ್ತರ ಕೇಳುವ ಹಕ್ಕನ್ನು ಪ್ರತಿಯೊಬ್ಬ ಭಾರತೀಯನಿಗೂ ಕೊಟ್ಟಿದೆ. ಊರಿನ ಪ್ರತಿಯೊಂದು ಮನವಿಯ ತಾರೀಖು, ಅದಕ್ಕೆ ಬಂದ ಉತ್ತರದ ತಾರೀಖು ಇವುಗಳನ್ನು ಒಂದು ದಪ್ಪನೆಯ ವಹಿಯಲ್ಲಿ ಬರೆದಿಡುವ ಕೆಲಸವನ್ನು ಉಪಾಧ್ಯಾಯರಲ್ಲದೆ ಮತ್ತಾರು ಮಾಡಬಲ್ಲರು? ಆ ವಹಿಯನ್ನು ಚುನಾವಣೆಯ ಕಾಲದಲ್ಲಿ ಕಟ್ಟೆಯ ಮೇಲಿಟ್ಟು ಓದಿರಿ. ಕಲ್ಲಿಗಿಂತಲೂ, ಬೆಂಕಿಗಿಂತಲೂ ಅದು ಹೆಚ್ಚು ಕೆಲಸ ಮಾಡುವದು.

ಕೊನೆಗೆ ನಿಮ್ಮ ತಾಲೂಕಿನದೇ ಒಂದು ದೃಶ್ಯವನ್ನು ನೆನಪಿಗೆ ತಂದು ಮುಗಿಸುವೆನು. ಮೈಲಾರದ ಜಾತ್ರೆಯಲ್ಲಿ ಗೊರವಯ್ಯನು ಬಿಲ್ಲನ್ನೇರಿ "ಸದ್ದಲೇ" ಎಂದೊಡನೆ ನೆರೆದ ಲಕ್ಷಾಂತರ ಜನರು ಸುಮ್ಮನಾಗುತ್ತಾರೆ. ಒಂದೇ ಒಂದು ನುಡಿ ಬೀಳುತ್ತದೆ. ಆಮೇಲೆ ವರುಷವೆಲ್ಲ ಅದರ ಅರ್ಥವನ್ನು ಎಲ್ಲರೂ ಚರ್ಚಿಸುತ್ತಾರೆ. ದೈವದ ನುಡಿಗೆ ಅದು ಒಪ್ಪಿದ ಕ್ರಮ. ಪ್ರಜಾಸತ್ತೆಯ ಕ್ರಮವು ಇದಕ್ಕೆ ತಿರುಗುಮುರುಗು: ಇಲ್ಲಿ ಮೊದಲು ಎಲ್ಲರೂ ಮಾತಾಡಬೇಕು, ಕೊನೆಗೆ ಒಂದು ನುಡಿ ಬೀಳಬೇಕು. ಮೊದಲನೆಯದನ್ನು ಯಾರಾದರೂ ತಡೆದರೆ ನಾವು ಎದುರಿಸೋಣ. ಕೊನೆಯ ನುಡಿಯೇ ಬೀಳದಿದ್ದರೆ ಅಲ್ಲಿಂದ ಕದಲದೆ ನಿಂತು, ತಾರೀಖನ್ನು ಕೇಳೋಣ.